ದೈವ, ಪುರುಷಕಾರ ಮತ್ತು ಚಂದ್ರನ ಮೇಲಣ ಸೂರು

ಆಕಾಶದಿಂದ ಬೆಂಕಿಯಂತೆ ಉರಿದು ಬೀಳುವುದನ್ನು ಕಂಡಾಗ ಹಿಂದಿನವರು ಅದೇನೆಂದು ಕೇಳುವುದಕ್ಕೆ ಮೊದಲೇ ಅದು ಯಾರಿಗಾಗಿ ಬಿದ್ದಿತೆಂದು ಕೇಳಿದರು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ಮುಗಿಸಿ ಕೆಳಕ್ಕೆ ಜಾರುವವರ ರೂಪಗಳೇ ಉಲ್ಕೆಗಳೆಂದು ಹೇಳಿ, ಅವನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಯಾಗಿ ವಿಂಗಡಿಸುತ್ತಾನೆ. ಮಹಾಭಾರತದ ಆದಿಪರ್ವದಲ್ಲಿ ಗರ್ವದಿಂದ ಪುಣ್ಯ ಕಳೆದುಕೊಂಡ ಯಯಾತಿಯು ಸ್ವರ್ಗದಿಂದ ಜಾರಿ ತನ್ನ ದೌಹಿತ್ರರ ನಡುವೆ ಬೀಳುವ ಕಥೆಯ ಹಿಂದೆಯೂ ಇದೇ ಭಾವನೆಯಿದೆ. ಈ ದೃಷ್ಟಿಯಲ್ಲಿ ಬೀಳುವುದೆಂಬುದು ಕೇವಲ ಭಾರದ ವ್ಯವಹಾರವಲ್ಲ, ಪಾಪಪುಣ್ಯಗಳ ಲೆಕ್ಕಕ್ಕೆ ಸೇರಿದ ಸಂಗತಿ. ಆದ್ದರಿಂದಲೇ ಉಲ್ಕಾಪಾತವು ಉತ್ಪಾತಗಳ, ಅಂದರೆ ಪ್ರಕೃತಿಯ ಕ್ರಮ ತಪ್ಪಿ ಮುಂಬರುವ ಅನಿಷ್ಟವನ್ನು ಸೂಚಿಸುವ ಘಟನೆಗಳ, ಸಾಲಿನಲ್ಲಿ ನಿಂತಿತು. ಯುರೋಪಿನಲ್ಲೂ ಸ್ಥಿತಿ ಬಹಳ ಬೇರೆಯಾಗಿರಲಿಲ್ಲ. 1492ರ ನವೆಂಬರ್ 7ರಂದು ಅಲ್ಸೇಸ್ ಪ್ರಾಂತ್ಯದ ಎನ್ಸಿಸ್‌ಹೈಮ್ ಊರಿನ ಹೊಲಕ್ಕೆ ಬಿದ್ದ ಕಲ್ಲನ್ನು, ಕೆಲವು ದಿನಗಳ ನಂತರ ಆ ಊರಿಗೆ ಬಂದ ರಾಜ ಮ್ಯಾಕ್ಸಿಮಿಲಿಯನ್ನನು ತನ್ನ ಪಾಲಿನ ಶುಭಸೂಚನೆಯೆಂದು ಬಗೆದನು, ಕಲ್ಲು ಊರಿನ ಚರ್ಚನ್ನು ಸೇರಿತು. ಒಬ್ಬನಿಗೆ ಕೇಡು, ಇನ್ನೊಬ್ಬನಿಗೆ ಒಳಿತು ಎಂಬ ವ್ಯತ್ಯಾಸವಿದ್ದರೂ, ಕಲ್ಲು ಯಾರದೋ ವಿಳಾಸ ಹೊತ್ತು ಬರುತ್ತದೆ ಎಂಬ ನಂಬಿಕೆಯಲ್ಲಿ ಎರಡೂ ಕಡೆಯವರು ಒಂದಾಗಿದ್ದರು.

ಈ ನಂಬಿಕೆಯ ಬುಡದಲ್ಲಿ ಗಾಳಿಯಿದೆ ಎಂಬುದು ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಅಂತರಿಕ್ಷದಲ್ಲಿ ಅಲೆಯುವ ಮರಳುಕಾಳಿನಷ್ಟು ಸಣ್ಣ ಚೂರೊಂದು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಭೂಮಿಯ ವಾತಾವರಣವನ್ನು ಹೊಕ್ಕಾಗ, ನೆಲದಿಂದ ಸುಮಾರು 80ರಿಂದ 100 ಕಿಲೋಮೀಟರ್ ಎತ್ತರದಲ್ಲಿ ಅದರ ಮುಂದಿನ ಗಾಳಿ ಒತ್ತಿ ಕಾದು, ಚೂರು ಆವಿಯಾಗಿ, ಆ ಹಾದಿಯೇ ಕ್ಷಣಕಾಲ ಹೊಳೆಯುತ್ತದೆ. ಉಲ್ಕೆ ಎಂದು ಕಣ್ಣಿಗೆ ಕಾಣುವುದು ಈ ಹೊಳಪು. ನೆಲದ ಪ್ರತಿಯೊಂದು ಚದರ ಮೀಟರಿನ ಮೇಲೂ ಸುಮಾರು 10 ಟನ್ನುಗಳಷ್ಟು ಗಾಳಿ ನಿಂತಿದ್ದು, ಆ ಹೊದಿಕೆ ತನ್ನ ಕೆಲಸವನ್ನು ಮಾಡಿ ಮುಗಿಸಿತೆಂಬುದಕ್ಕೆ ಉಲ್ಕೆಯ ಬೆಳಕೇ ಸಾಕ್ಷಿ. ಹಾಗಾದರೆ ಶತಮಾನಗಳ ಕಾಲ ಅಪಾಯದ ಮುನ್ಸೂಚನೆಯೆಂದು ಓದಲ್ಪಟ್ಟದ್ದು ವಾಸ್ತವದಲ್ಲಿ ಅಪಾಯ ತಪ್ಪಿದ ಸೂಚನೆಯಾಗಿತ್ತು. ಈ ತಿರುವುಮುರುವು ಸಣ್ಣದಲ್ಲ, ಏಕೆಂದರೆ ಚಂದ್ರನ ಮೇಲೆ ಗಾಳಿಯ ಹೊದಿಕೆ ಇಲ್ಲ. ಅಲ್ಲಿ ಕಲ್ಲು ಬೀಳುತ್ತದೆಯೇ ಹೊರತು ಉಲ್ಕೆ ಕಾಣುವುದಿಲ್ಲ. ಆಕಾಶದಲ್ಲಿ ಗೆರೆಯಿಲ್ಲ, ಸದ್ದಿಲ್ಲ, ಬಡಿದ ಕ್ಷಣದಲ್ಲಿ ಮಾತ್ರ ಒಂದು ಮಿಂಚು. ವರಾಹಮಿಹಿರನ ಐದು ಬಗೆಗಳಲ್ಲಿ ಒಂದನ್ನೂ ಗುರುತಿಸಲು ಸಾಧ್ಯವಿಲ್ಲದ ಈ ನೆಲದಲ್ಲಿ ಉತ್ಪಾತಶಾಸ್ತ್ರಕ್ಕೆ ಪ್ರವೇಶವೇ ಇಲ್ಲ.

ಹಾಗೆಂದು ಭೂಮಿಯ ಗಾಳಿಯನ್ನು ದೇವರ ವಿಶೇಷ ಕೃಪೆಯೆಂದು ಸಾಧಿಸಲು ಹೊರಡುವುದೂ ಅವಸರದ ಮಾತಾಗುತ್ತದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರಿನಲ್ಲಿ ಬಸಾಲ್ಟ್ ಶಿಲೆಯನ್ನು ಸೀಳಿದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿಯೊಂದಿದೆ; ದೊಡ್ಡ ಬಂಡೆಯ ಎದುರು ಇದೇ ಗಾಳಿ ಅಸಹಾಯಕವಾಗಿತ್ತು ಎಂಬುದನ್ನು ಅದು ತೋರಿಸುತ್ತದೆ. ನೆಲದಡಿಯಲ್ಲಿ ಅಡಗಿದ್ದ ಲವಣಾಸುರನನ್ನು ವಿಷ್ಣು ಸಂಹರಿಸಿದ ಜಾಗವಿದೆಂದು ಸ್ಥಳಪುರಾಣ ಹೇಳುತ್ತದೆ, ಆ ಊರಿನ ದೈತ್ಯಸೂದನ ದೇವಾಲಯ ಆ ಕಥೆಗೇ ಕಟ್ಟಿದ್ದು. ಕುಳಿಯ ಹುಟ್ಟನ್ನು ಹೇಗೋ ಹಿಂಸೆಯೊಡನೆ ಜೋಡಿಸಿದ ಆ ಪುರಾಣಕಾರನ ಊಹೆ ಮೆಚ್ಚತಕ್ಕದ್ದೇ. ಆದರೆ ಸಣ್ಣ ಕಲ್ಲುಗಳನ್ನು ತಡೆದು ದೊಡ್ಡದನ್ನು ಬಿಟ್ಟುಕೊಡುವ ಹೊದಿಕೆಯನ್ನು ಕರುಣೆಯ ಲೆಕ್ಕಕ್ಕೆ ಬರೆದರೆ, ಬಿಟ್ಟುಕೊಟ್ಟ ಕಲ್ಲುಗಳನ್ನು ಕ್ರೌರ್ಯದ ಲೆಕ್ಕಕ್ಕೆ ಬರೆಯಬೇಕಾಗುತ್ತದೆ.

ಚಂದ್ರನ ಮೇಲಿನ ಸ್ಥಿತಿ ಈಗ ಊಹೆಯ ಮಾತಲ್ಲ. ಅಪೋಲೋ ಯಾತ್ರಿಗಳು ಇಟ್ಟುಬಂದ ಕಂಪನಮಾಪಕಗಳು 1969ರಿಂದ 1977ರವರೆಗೆ ಸುಮಾರು 1,700 ಉಲ್ಕಾಘಾತಗಳ ನಡುಕವನ್ನು ದಾಖಲಿಸಿದವು. 2013ರ ಮಾರ್ಚ್ 17ರಂದು ಸುಮಾರು 40 ಕಿಲೋಗ್ರಾಂ ತೂಕದ ಕಲ್ಲೊಂದು ಮಳೆಗಳ ಸಮುದ್ರವೆಂಬ ಬಯಲಿಗೆ ಬಡಿದಾಗ ಹೊಮ್ಮಿದ ಮಿಂಚು ಭೂಮಿಯ ಮೇಲಿನ ಸಣ್ಣ ದೂರದರ್ಶಕಕ್ಕೂ ಕಂಡಿತು. ನಾಸಾದ ಲೂನಾರ್ ರಿಕನೈಸನ್ಸ್ ಆರ್ಬಿಟರ್ ನೌಕೆ ಆನಂತರ ತೆಗೆದ ಚಿತ್ರದಲ್ಲಿ ಅಲ್ಲಿ ಸುಮಾರು 18 ಮೀಟರ್ ಅಗಲದ ಹೊಸ ಕುಳಿಯಿತ್ತು. ಅದೇ ನೌಕೆ ಒಂದೇ ಜಾಗವನ್ನು ಬೇರೆ ಬೇರೆ ಕಾಲದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ 222 ಹೊಸ ಕುಳಿಗಳನ್ನು ಗುರುತಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕಲ್ಲು ಬಡಿದಾಗ ಎದ್ದ ಮಣ್ಣು ಮತ್ತು ಚೂರುಗಳು ದೂರದೂರಕ್ಕೆ ಚಿಮ್ಮಿ ಮತ್ತೆ ಬೀಳುವುದರಿಂದ ಚಂದ್ರನ ಮೇಲ್ಮೈಯ ಎರಡು ಸೆಂಟಿಮೀಟರ್ ಮಣ್ಣು, ಹಿಂದೆ ಅಂದಾಜಿಸಿದ್ದಕ್ಕಿಂತ ಬಹಳ ಬೇಗ, ಸುಮಾರು 81,000 ವರ್ಷಗಳಲ್ಲಿ ಬುಡಮೇಲಾಗುತ್ತದೆ ಎಂಬುದು ಅದರ ನಿರ್ಣಯ. ಭೂಮಿಯಿಂದ ನೋಡಿದಾಗ ಮೊಲದಂತೆ ಕಾಣುವ ಕಪ್ಪು ಕಲೆಗಳೂ, ಹಸಿದ ಅತಿಥಿಗಾಗಿ ಬೆಂಕಿಗೆ ಹಾರಿದ ಮೊಲದ ನೆನಪೆಂದು ಜಾತಕಕಥೆ ವರ್ಣಿಸುವ ಆ ಗುರುತೂ, ಹಳೆಯ ಮಹಾಘಾತಗಳ ಬೋಗುಣಿಗಳಲ್ಲಿ ಲಾವಾ ತುಂಬಿ ಹೆಪ್ಪುಗಟ್ಟಿದ ಬಯಲುಗಳೇ.

ಆದರೆ ವಸತಿಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದವು ಕಣ್ಣಿಗೆ ಕಾಣದ ಚೂರುಗಳು. ಅಪೋಲೋ ಯಾತ್ರೆಗಳಲ್ಲಿ ತಂದ ಶಿಲೆಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟಾಗ ಅವುಗಳ ಮೈಮೇಲೆ ಸೂಜಿಮೊನೆಯಿಂದ ಚುಚ್ಚಿದಂತಹ ಸಾವಿರಾರು ಪುಟ್ಟ ಗುಳಿಗಳು ಕಂಡವು. ಪ್ರತಿ ಗುಳಿಯ ಒಳಮೈ ಕರಗಿ ಆರಿದ ಗಾಜಿನಿಂದ ಹೊಳೆಯುತ್ತಿದ್ದು, ಸುತ್ತ ನುಗ್ಗಾದ ಶಿಲೆಯ ಬಿಳಿಯ ಬಳೆಯಿರುತ್ತದೆ. ಅನೇಕ ಕಲ್ಲುಗಳಲ್ಲಿ ಆಕಾಶಕ್ಕೆ ತೆರೆದುಕೊಂಡಿದ್ದ ಮೇಲ್ಭಾಗದ ತುಂಬ ಈ ಗುಳಿಗಳಿದ್ದರೆ, ಮಣ್ಣಿನಲ್ಲಿ ಹುದುಗಿದ್ದ ಕೆಳಭಾಗದಲ್ಲಿ ಒಂದೂ ಇರಲಿಲ್ಲ. ಸೆಕೆಂಡಿಗೆ 20 ಕಿಲೋಮೀಟರ್ ವೇಗದಲ್ಲಿ ಬರುವ ಒಂದೇ ಒಂದು ಗ್ರಾಂ ತೂಕದ ಚೂರಿನ ಚಲನಶಕ್ತಿ, ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುವ ಒಂದು ಟನ್ನಿನ ಕಾರಿನ ಚಲನಶಕ್ತಿಗೆ ಸಮವೆಂದು ಲೆಕ್ಕ ಹಾಕಿದರೆ, ಗಾಳಿ ತುಂಬಿದ ವಸತಿಯ ಗೋಡೆಗೆ ಅದು ಏನು ಮಾಡಬಲ್ಲದೆಂಬುದು ತಿಳಿಯುತ್ತದೆ.

ಈಗ ಪ್ರಶ್ನೆಯನ್ನು ಹೀಗೆ ಇಡಬಹುದು: ಚಂದ್ರನ ಮೇಲೆ ಮನುಷ್ಯರು ನೆಲೆಸಿದ ಮೇಲೆ, ಅವರ ವಸತಿಯ ಗೋಡೆಯನ್ನು ಇಂಥ ಕಲ್ಲೊಂದು ತೂರಿ ಒಳಗಿದ್ದವರು ಸತ್ತರೆ, ಆ ಸಾವು ಯಾರ ಲೆಕ್ಕಕ್ಕೆ ಸೇರುತ್ತದೆ? ಸತ್ತವರ ಕರ್ಮಕ್ಕೋ, ಈಶ್ವರನ ಇಚ್ಛೆಗೋ, ಕೇವಲ ಆಕಸ್ಮಿಕಕ್ಕೋ, ಇಲ್ಲವೇ ಗೋಡೆ ಕಟ್ಟಿದವರಿಗೋ?

ವೇದಾಂತದಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ, ಲೋಕದ ಸುಖದುಃಖಗಳ ಏರುಪೇರಿಗೆ ಕಾರಣನಾದ ಈಶ್ವರನು ಪಕ್ಷಪಾತಿಯೂ ನಿರ್ದಯಿಯೂ ಆಗಲಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಈಶ್ವರನು ಪ್ರಾಣಿಗಳ ಧರ್ಮಾಧರ್ಮಗಳನ್ನು ಅನುಸರಿಸಿಯೇ ಫಲ ಕೊಡುವುದರಿಂದ ಆ ಎರಡೂ ದೋಷಗಳು ಅವನಿಗೆ ತಟ್ಟುವುದಿಲ್ಲವೆಂದು ಶಂಕರಾಚಾರ್ಯರು ಅಲ್ಲಿ ಸಮಾಧಾನ ಹೇಳುತ್ತಾರೆ. ಈಶ್ವರನನ್ನು ದೋಷಮುಕ್ತಗೊಳಿಸುವ ಕೆಲಸದಲ್ಲಿ ಈ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅದನ್ನೇ ಬಿದ್ದ ಪ್ರತಿ ಕಲ್ಲಿಗೂ ಕಾರಣ ಹೇಳುವ ವಿಧಾನವನ್ನಾಗಿ ಮಾಡಿಕೊಂಡರೆ ಮಾತಿನ ದಿಕ್ಕೇ ಬದಲಾಗಿ, ಸತ್ತವನ ಮೇಲೆಯೇ ಸಾವಿನ ಹೊರೆ ಬೀಳುತ್ತದೆ. ತನಗೆ ಗೊತ್ತಿಲ್ಲದ ಜನ್ಮದ ತಪ್ಪಿಗೆ ತಾನೇ ಸಾಕ್ಷಿ ಹೇಳಲಾರದವನ ವಿರುದ್ಧ ತೀರ್ಪು ಕೊಟ್ಟಂತಾಗುತ್ತದೆ. ಲೂಕನ ಸುವಾರ್ತೆಯಲ್ಲಿ ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಜೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಯೇಸು ಕೇಳಿ, ಅಲ್ಲವೆಂದು ತಾನೇ ಉತ್ತರಿಸುವುದು ಇಂತಹ ತೀರ್ಪಿನ ಅಭ್ಯಾಸಕ್ಕೆ ಕೊಟ್ಟ ಪೆಟ್ಟು.

ಈ ವಿಷಯದಲ್ಲಿ ಅತ್ಯಂತ ನೇರವಾದ ಮಾತು ಬೌದ್ಧರ ಮಿಲಿಂದಪ್ರಶ್ನೆ ಎಂಬ ಪಾಲಿ ಗ್ರಂಥದಲ್ಲಿದೆ, ಅಲ್ಲಿಯೂ ಚರ್ಚೆ ನಡೆಯುವುದು ಬಿದ್ದ ಕಲ್ಲಿನ ಮೇಲೆಯೇ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಯವನ ದೊರೆ ಮೆನಾಂಡರನೇ ಈ ಗ್ರಂಥದ ಮಿಲಿಂದ. ಅವನು ನಾಗಸೇನನೆಂಬ ಭಿಕ್ಷುವಿನ ಮುಂದೆ ಒಂದು ಇಕ್ಕಟ್ಟನ್ನು ಇಡುತ್ತಾನೆ. ರಾಜಗೃಹದ ಗೃಧ್ರಕೂಟ ಬೆಟ್ಟದ ಮೇಲಿಂದ ದೇವದತ್ತನು ಉರುಳಿಸಿದ ಬಂಡೆಯ ಚೂರೊಂದು ಬುದ್ಧನ ಕಾಲಿಗೆ ತಾಗಿ ಗಾಯವಾಗಿತ್ತು. ಬುದ್ಧನು ತನ್ನೊಳಗಿನ ಅಕುಶಲವನ್ನೆಲ್ಲ ಸುಟ್ಟುಹಾಕಿದ್ದುದು ನಿಜವಾದರೆ ಆ ನೋವು ಅವನಿಗೆ ಬರಬಾರದಿತ್ತು. ನೋವು ಬಂದದ್ದು ನಿಜವಾದರೆ ಅಕುಶಲ ಉಳಿದಿತ್ತೆನ್ನಬೇಕು. ನಾಗಸೇನನ ಉತ್ತರ, ಎಲ್ಲ ವೇದನೆಗೂ ಕರ್ಮವೇ ಮೂಲವಲ್ಲ ಎಂಬುದು. ವಾತ, ಪಿತ್ತ, ಕಫ, ಇವುಗಳ ಕೂಟ, ಋತುವಿನ ಬದಲಾವಣೆ, ವಿಷಮಪರಿಹಾರ, ಹೊರಗಿನಿಂದ ಬರುವ ಆಘಾತ, ಕರ್ಮವಿಪಾಕ ಎಂದು ಎಂಟು ಕಾರಣಗಳಿದ್ದು, ಕರ್ಮವಿಪಾಕ ಆ ಎಂಟರಲ್ಲಿ ಒಂದು ಮಾತ್ರ. ಇದನ್ನು ಸ್ಪಷ್ಟಪಡಿಸಲು ಅವನು ಕೇಳುವ ಪ್ರಶ್ನೆಯ ಸಾರ ಹೀಗಿದೆ: ಮೇಲಕ್ಕೆ ಎಸೆದ ಮಣ್ಣಿನ ಹೆಂಟೆ ತಿರುಗಿ ನೆಲದ ಮೇಲೆ ಬಿದ್ದರೆ, ನೆಲವು ಹಿಂದೆ ಮಾಡಿದ ಯಾವುದೋ ಕರ್ಮದ ಫಲವಾಗಿ ಅದು ಬಿದ್ದಿತೇ? ನೆಲಕ್ಕೆ ಅಂತಹ ಕರ್ಮವೇ ಇಲ್ಲವೆಂದು ದೊರೆ ಒಪ್ಪುತ್ತಾನೆ. ಸಂಯುತ್ತನಿಕಾಯದಲ್ಲಿ ಶಿವಕನೆಂಬ ಪರಿವ್ರಾಜಕನಿಗೆ ಬುದ್ಧನೇ ಈ ಎಂಟು ಕಾರಣಗಳನ್ನು ಹೇಳಿ, ಅನುಭವಿಸುವುದೆಲ್ಲವೂ ಪೂರ್ವಕೃತವೇ ಎನ್ನುವವರು ತಾವೂ ಲೋಕವೂ ತಿಳಿದುದನ್ನು ಮೀರಿ ಮಾತನಾಡುತ್ತಾರೆಂದು ಎಚ್ಚರಿಸಿದ ಪ್ರಸಂಗವಿದೆ. ಬೌದ್ಧ ಪರಂಪರೆಯೆಲ್ಲವೂ ಈ ಮಾತಿಗೆ ಅಂಟಿಕೊಂಡಿತೆಂದು ಹೇಳುವಂತಿಲ್ಲ. ಅಪದಾನವೆಂಬ ಗ್ರಂಥದಲ್ಲಿ ಅದೇ ಕಲ್ಲಿನ ಚೂರಿಗೆ ಹಿಂದಿನ ಜನ್ಮದ ಭ್ರಾತೃಹತ್ಯೆಯನ್ನು ಕಾರಣವಾಗಿ ಜೋಡಿಸಲಾಗಿದೆ. ಪೂರ್ಣ ಲೆಕ್ಕ ಬೇಕೆಂಬ ಹಂಬಲ ಮನುಷ್ಯನಿಗೆ ಅಷ್ಟು ಬಲವಾದದ್ದು.

ನಾಗಸೇನನ ಹೆಂಟೆ ಚಂದ್ರನಿಗೆ ಭೂಮಿಗಿಂತಲೂ ಚೆನ್ನಾಗಿ ಒಪ್ಪುತ್ತದೆ. ನೂರಾರು ಕೋಟಿ ವರ್ಷ ಯಾವ ಜೀವಿಯೂ ಇಲ್ಲದ, ಆದ್ದರಿಂದ ಯಾರ ಕರ್ಮವೂ ಇಲ್ಲದ ನೆಲದ ಮೇಲೆ ಕಲ್ಲುಗಳು ಬೀಳುತ್ತಲೇ ಬಂದವು. ಮನುಷ್ಯ ಅಲ್ಲಿ ಕಾಲಿಟ್ಟ ದಿನದಿಂದ ಅದೇ ಮಳೆ ನೀತಿಯ ಲೆಕ್ಕಾಚಾರಕ್ಕೆ ಒಳಪಟ್ಟಿತೆನ್ನುವುದು ತರ್ಕಕ್ಕೆ ನಿಲ್ಲದ ಮಾತು. ಕಲ್ಲಿನ ಪಾಲಿಗೆ ಏನೂ ಬದಲಾಗಿಲ್ಲ. ಬದಲಾದದ್ದು ಇನ್ನೊಂದು ಬದಿಯಲ್ಲಿ, ಅದರ ಕೆಳಗೆ ತಾನಾಗಿ ಹೋಗಿ ನಿಂತ, ಅಥವಾ ಇತರರನ್ನು ಕಳುಹಿಸಿ ನಿಲ್ಲಿಸಿದ, ಮನುಷ್ಯನ ಬದಿಯಲ್ಲಿ. ಹೀಗಾಗಿ ಎಂಟು ಕಾರಣಗಳ ಪಟ್ಟಿಯಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಆರನೆಯದು, ವಿಷಮಪರಿಹಾರ, ಇಲ್ಲಿ ಮುಂದಕ್ಕೆ ಬರುತ್ತದೆ. ದೇಹವನ್ನು ನೋಡಿಕೊಳ್ಳಬೇಕಾದಂತೆ ನೋಡಿಕೊಳ್ಳದಿರುವುದು, ಅಂದರೆ ಆರೈಕೆಯ ಲೋಪ, ಎಂಬುದು ಅದರ ಅರ್ಥ. ಕರ್ಮವೂ ಅಲ್ಲದ, ಆಕಸ್ಮಿಕವೂ ಅಲ್ಲದ ಈ ಮೂರನೆಯ ಬಗೆಯ ಕಾರಣಕ್ಕೆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟದ್ದು ಬಹಳ ದೂರದೃಷ್ಟಿಯ ವಿವೇಚನೆ.

ಚಂದ್ರನ ಮೇಲೆ ದೇವದತ್ತನ ಬಂಡೆಗೂ ಒಂದು ಸಮಾನ ನಿದರ್ಶನವಿದೆ. 1969ರ ನವೆಂಬರಿನಲ್ಲಿ ಅಪೋಲೋ 12 ನೌಕೆಯು ಎರಡೂವರೆ ವರ್ಷ ಹಿಂದೆ ಅಲ್ಲಿ ಇಳಿದಿದ್ದ ಸರ್ವೇಯರ್ 3 ನೌಕೆಯಿಂದ ಇನ್ನೂರು ಮೀಟರಿಗೂ ಕಡಿಮೆ ದೂರದಲ್ಲಿ ಇಳಿಯಿತು. ಯಾತ್ರಿಗಳು ಸರ್ವೇಯರಿನ ಕ್ಯಾಮೆರಾವನ್ನು ಕಳಚಿ ಭೂಮಿಗೆ ತಂದರು. ಪರೀಕ್ಷಿಸಿದಾಗ ಅದರ ಮೇಲ್ಮೈ ಮರಳು ಬೀಸಿ ಉಜ್ಜಿದಂತಾಗಿತ್ತು. ಅಪೋಲೋ ಇಳಿಯುವಾಗ ಅದರ ಎಂಜಿನ್ನಿನ ಅನಿಲಧಾರೆ ಎಬ್ಬಿಸಿದ ಚಂದ್ರಧೂಳೇ ಅದಕ್ಕೆ ಕಾರಣ. ಗಾಳಿಯ ತಡೆ ಇಲ್ಲದ ಜಾಗದಲ್ಲಿ ಹೀಗೆ ಚಿಮ್ಮಿದ ಕಣಗಳು ವೇಗ ಕಳೆದುಕೊಳ್ಳದೆ ಬಹುದೂರ ಹಾರಬಲ್ಲವು. ದೇವದತ್ತನದು ಬೇಕೆಂದೇ ಎಸೆದ ಕಲ್ಲು, ಉಲ್ಕಾಶಿಲೆ ಯಾರೂ ಎಸೆಯದ ಕಲ್ಲು; ಒಬ್ಬರ ನೌಕೆ ಇಳಿಯುವ ರಭಸಕ್ಕೆ ನೆರೆಯವರ ವಸತಿಗೆ ಬಡಿಯುವ ಧೂಳು ಇವೆರಡರ ನಡುವಣದು. ಅದನ್ನು ಎಸೆಯುವ ಉದ್ದೇಶ ಯಾರಿಗೂ ಇರುವುದಿಲ್ಲ, ಆದರೆ ಅದು ಚಿಮ್ಮುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಚಂದ್ರನ ಮೇಲಿನ ಧರ್ಮವಿಚಾರ ಹೆಚ್ಚಾಗಿ ತಡಕಾಡಬೇಕಾಗುವುದು ಈ ನಡುವಣ ವರ್ಗದಲ್ಲಿ.

ಗೊತ್ತಿದ್ದೂ ಮಾಡುವ ತಪ್ಪಿನ ಬಗ್ಗೆ ಆಯುರ್ವೇದಶಾಸ್ತ್ರ ಆಳವಾಗಿ ಯೋಚಿಸಿದೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋದ್ಧ್ವಂಸವನ್ನು, ಅಂದರೆ ಒಂದು ನಾಡಿನ ಜನರೆಲ್ಲ ಒಟ್ಟಿಗೆ ನಾಶವಾಗುವುದನ್ನು, ಕುರಿತದ್ದು. ಬೇಸಿಗೆಯ ಕೊನೆಯಲ್ಲಿ ಪಾಂಚಾಲದ ಕಾಂಪಿಲ್ಯದ ಬಳಿ ಗಂಗೆಯ ದಡದ ಕಾಡಿನಲ್ಲಿ ಶಿಷ್ಯರೊಡನೆ ಅಡ್ಡಾಡುತ್ತಿದ್ದ ಆತ್ರೇಯ ಪುನರ್ವಸುವಿನ ಮುಂದೆ ಅಗ್ನಿವೇಶನು ತನ್ನ ಸಂದೇಹವನ್ನು ಇಡುತ್ತಾನೆ: ಪ್ರಕೃತಿ, ಆಹಾರ, ಬಲ, ವಯಸ್ಸು ಎಲ್ಲವೂ ಬೇರೆ ಬೇರೆಯಾಗಿರುವ ಜನರು ಒಂದೇ ವ್ಯಾಧಿಯಿಂದ ಒಂದೇ ಕಾಲದಲ್ಲಿ ಸಾಯುವುದು ಹೇಗೆ? ಒಂದೇ ಗೋಡೆಯೊಳಗೆ ಒಂದೇ ಗಾಳಿಯನ್ನು ಹಂಚಿಕೊಂಡು ಬದುಕುವ ಚಂದ್ರವಸತಿಯವರ ಮಟ್ಟಿಗೆ ಈ ಸಂದೇಹ ಅಕ್ಷರಶಃ ಅನ್ವಯಿಸುತ್ತದೆ. ಗಾಳಿ, ನೀರು, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದುದರಿಂದ ಅವು ಕೆಟ್ಟಾಗ ಎಲ್ಲರೂ ಕೆಡುತ್ತಾರೆಂದು ಆತ್ರೇಯನು ಹೇಳಿ, ಅವು ಕೆಡುವುದಕ್ಕೆ ಅಧರ್ಮವೂ, ಅಧರ್ಮಕ್ಕೆ ಪ್ರಜ್ಞಾಪರಾಧವೂ ಮೂಲವೆನ್ನುತ್ತಾನೆ. ಪ್ರಜ್ಞಾಪರಾಧವೆಂದರೆ ಬುದ್ಧಿ, ಧೈರ್ಯ, ನೆನಪುಗಳು ದಾರಿ ತಪ್ಪಿದಾಗ ಮನುಷ್ಯನು ಮಾಡುವ ಅಹಿತದ ಕೆಲಸ.

ಅದೇ ಅಧ್ಯಾಯದಲ್ಲಿ ಆಯುಷ್ಯವು ನಿಯತವೋ ಅನಿಯತವೋ ಎಂಬ ಪ್ರಶ್ನೆಯೂ ಎದ್ದು, ಅದು ದೈವ ಮತ್ತು ಪುರುಷಕಾರ ಎರಡನ್ನೂ ಅವಲಂಬಿಸಿದೆ ಎಂಬ ತೀರ್ಮಾನ ಬರುತ್ತದೆ. ದೈವವೆಂದರೆ ಹಿಂದಿನ ಜನ್ಮದಲ್ಲಿ ಮಾಡಿದ್ದು, ಪುರುಷಕಾರವೆಂದರೆ ಈಗ ಇಲ್ಲಿ ಮಾಡುತ್ತಿರುವುದು. ಆಯುಷ್ಯವೆಲ್ಲವೂ ಮೊದಲೇ ಗೊತ್ತುಪಡಿಸಿದ್ದಾದರೆ ಬದುಕಬೇಕೆನ್ನುವವರು ಔಷಧವನ್ನು ಹುಡುಕುತ್ತಿರಲಿಲ್ಲ, ಓಡಿಬರುವ ಆನೆಗೂ ಗೂಳಿಗೂ ಹೆದರುತ್ತಿರಲಿಲ್ಲ, ಕಡಿದಾದ ಬೆಟ್ಟದ ಅಂಚಿನಿಂದ ದೂರ ನಿಲ್ಲುತ್ತಿರಲಿಲ್ಲ ಎಂದು ಆತ್ರೇಯನು ವಾದಿಸುತ್ತಾನೆ. ಸಹಜವಾಗಿ ಸವೆದು ಕಾಲ ಮುಗಿದಾಗ ಮುರಿಯುವ ಬಂಡಿಯ ಅಚ್ಚಿಗೂ, ಅತಿಭಾರ ಹೇರಿದ್ದರಿಂದ, ಹಳ್ಳದಿಣ್ಣೆಯ ದಾರಿಯಲ್ಲಿ ಹೊಡೆದದ್ದರಿಂದ, ಎಣ್ಣೆ ಹಾಕದೆ ಬಿಟ್ಟದ್ದರಿಂದ ನಡುದಾರಿಯಲ್ಲಿ ಮುರಿಯುವ ಅಚ್ಚಿಗೂ ಅವನು ತೋರಿಸುವ ಭೇದ ಪ್ರಸಿದ್ಧವಾದದ್ದು. ಇದು ವೈದ್ಯನ ಮಾತು. ದೈವವನ್ನು ಅವನು ನಿರಾಕರಿಸುವುದಿಲ್ಲ, ಆದರೆ ಎಣ್ಣೆ ಹಾಕದವನು ದೈವದ ಹಿಂದೆ ಅಡಗಿಕೊಳ್ಳಲು ಬಿಡುವುದೂ ಇಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವೂ ಕ್ರಿಯೆಯೊಂದರ ಐದು ಕಾರಣಗಳನ್ನು ಎಣಿಸುವಾಗ ದೈವವನ್ನು ಐದನೆಯದಾಗಿ, ಕರ್ತೃ ಕರಣ ಮೊದಲಾದವುಗಳ ನಂತರ, ಹೇಳುತ್ತದೆ ಎಂಬುದು ಇಲ್ಲಿ ನೆನೆಯತಕ್ಕದ್ದು.

ಚಂದ್ರನ ಮೇಲೆ ಎಣ್ಣೆ ಹಾಕುವುದು ಹೇಗೆಂಬುದು ಬಹುಮಟ್ಟಿಗೆ ತಿಳಿದಿದೆ. ಖಗೋಳವಿಜ್ಞಾನಿ ಫ್ರೆಡ್ ವಿಪಲ್ 1947ರಲ್ಲಿ ಸೂಚಿಸಿದ ಗುರಾಣಿಯಲ್ಲಿ ಮುಖ್ಯ ಗೋಡೆಯಿಂದ ಸ್ವಲ್ಪ ದೂರಕ್ಕೆ ತೆಳುವಾದ ಹೊರತಗಡೊಂದನ್ನು ನಿಲ್ಲಿಸಲಾಗುತ್ತದೆ. ವೇಗವಾಗಿ ಬಂದ ಚೂರು ಆ ತಗಡಿಗೆ ತಾಗಿ ಪುಡಿಯಾಗಿ ಹರಡಿಕೊಳ್ಳುವುದರಿಂದ ಒಳಗೋಡೆಯ ಮೇಲೆ ಬೀಳುವ ಹೊಡೆತ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುವುದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಇಂತಹ ರಕ್ಷಣೆಯಿದೆ. ಬಹುಕಾಲ ಉಳಿಯುವ ವಸತಿಗೆ ರೆಗೊಲಿತ್ ಎಂದು ಕರೆಯಲಾಗುವ ಚಂದ್ರನ ಪುಡಿಮಣ್ಣನ್ನೇ ಎರಡು ಮೂರು ಮೀಟರ್ ದಪ್ಪಕ್ಕೆ ಹೊದಿಸುವುದು ಇನ್ನೊಂದು ಉಪಾಯ. ಅದು ವಿಕಿರಣವನ್ನೂ ತಡೆಯುತ್ತದೆ. ಹಾಗೆ ಮೂರು ಮೀಟರ್ ಹೊದಿಸಿದರೂ ಚದರ ಮೀಟರಿಗೆ ಒದಗುವ ದ್ರವ್ಯ ಸುಮಾರು ಐದು ಟನ್, ಅಂದರೆ ಭೂಮಿಯವರ ತಲೆಯ ಮೇಲೆ ಕೇಳದೆಯೇ ನಿಂತಿರುವ ಗಾಳಿಯ ಅರ್ಧದಷ್ಟು ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ಸಂಶೋಧಕರು ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಯೂರಿಯಾ, ಬ್ಯಾಕ್ಟೀರಿಯಾ ಮತ್ತು ಗೋರಿಕಾಯಿ ಬೀಜದ ಅಂಟನ್ನು ಸೇರಿಸಿ ಇಟ್ಟಿಗೆ ಕಟ್ಟುವ ವಿಧಾನವನ್ನು 2020ರಲ್ಲಿ ಪ್ರಕಟಿಸಿದರು. ಹಳೆಯ ಲಾವಾ ಹರಿದು ಖಾಲಿಯಾದ ಸುರಂಗಗಳೂ ಇವೆ. ಶಾಂತಿಸಾಗರವೆಂಬ ಬಯಲಿನ ಸುಮಾರು 100 ಮೀಟರ್ ಆಳದ ಗುಂಡಿಯ ತಳದಿಂದ ಗುಹೆಯೊಂದು ಒಳಕ್ಕೆ ಚಾಚಿದೆಯೆಂದು ರೇಡಾರ್ ದತ್ತಾಂಶದ ವಿಶ್ಲೇಷಣೆಯಿಂದ 2024ರಲ್ಲಿ ತಿಳಿದುಬಂತು.

ಉಪಾಯಗಳಿದ್ದ ಮೇಲೆ ಉಳಿಯುವ ಪ್ರಶ್ನೆ ದಪ್ಪದ್ದು. ಯಾವ ಸೂರೂ ಎಲ್ಲ ಕಲ್ಲನ್ನೂ ತಡೆಯಲಾರದು. ಆದ್ದರಿಂದ ಎಂಜಿನಿಯರುಗಳು ತೂತು ಬೀಳದಿರುವ ಸಂಭವನೀಯತೆ ಎಂಬ ಅಂಕಿಯೊಂದನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಬೇಕಾದಷ್ಟು ದಪ್ಪವನ್ನು ಕೊಡುತ್ತಾರೆ. ಅಪಾಯವು ವಸತಿಯ ವಿಸ್ತೀರ್ಣದೊಡನೆಯೂ ವಾಸದ ಅವಧಿಯೊಡನೆಯೂ ಬೆಳೆಯುತ್ತದೆ. ಕೆಲವೆಡೆ 0.3 ಮಿಲಿಮೀಟರಿನಷ್ಟೇ ದಪ್ಪವಿದ್ದ ಗೋಡೆಯ ನೌಕೆಯಲ್ಲಿ ಅಪೋಲೋ 17ರ ಇಬ್ಬರು ಚಂದ್ರನ ಮೇಲೆ ಕಳೆದದ್ದು ಸುಮಾರು 75 ಗಂಟೆ. ಹತ್ತು ವರ್ಷ ಬಾಳಬೇಕಾದ ವಸತಿ, ಅಷ್ಟೇ ದೊಡ್ಡದಾಗಿದ್ದರೂ, ಅದರ ಸಾವಿರ ಪಟ್ಟಿಗೂ ಹೆಚ್ಚು ಕಾಲ ಆಕಾಶಕ್ಕೆ ಮೈಯೊಡ್ಡಿರುತ್ತದೆ. ಕಲ್ಲುಗಳು ಎಷ್ಟು ಬೀಳುತ್ತವೆಂಬುದನ್ನು ಪ್ರಕೃತಿಯಿಂದ ಅಳೆದು ತಿಳಿಯಬಹುದು. ಆದರೆ ಎಷ್ಟು ಅಪಾಯ ಸಾಕು ಎಂಬುದನ್ನು ಯಾವ ಅಳತೆಗೋಲೂ ಹೇಳುವುದಿಲ್ಲ. ಅದು ಹಣ, ಭಾರ, ಸಮಯಗಳ ಎದುರು ಮನುಷ್ಯಜೀವವನ್ನು ತೂಗಿ ಒಂದು ಮೇಜಿನ ಸುತ್ತ ಕುಳಿತವರು ಮಾಡುವ ನಿರ್ಣಯ. ಹಿಂದಿನವರು ದೈವವೆಂದು ಕರೆದದ್ದರ ಒಂದು ಭಾಗ ಹೀಗೆ ಸಹಿ ಬಿದ್ದ ಕಡತವಾಗಿ ಮಾರ್ಪಡುತ್ತದೆ. ಆ ಅಂಕಿಯನ್ನು ಮೀರಿದ ಬಂಡೆ ಬಿದ್ದರೆ ಅದು ನಾಗಸೇನನ ಹೆಂಟೆ. ಅಂಕಿಯನ್ನೇ ಉಳಿತಾಯಕ್ಕಾಗಿ ಕೆಳಗಿಳಿಸಿದ್ದರೆ ಅದು ಆತ್ರೇಯನ ಪ್ರಜ್ಞಾಪರಾಧ.

ಸಾಹಸಕ್ಕೆ ಹೊರಟವರು ಅಪಾಯವನ್ನು ಒಪ್ಪಿಯೇ ಹೊರಟಿರುತ್ತಾರೆ, ಆದ್ದರಿಂದ ಕಳುಹಿಸಿದವರನ್ನು ದೂರುವುದು ಸಲ್ಲದು ಎಂಬ ಆಕ್ಷೇಪ ಇಲ್ಲಿ ಏಳಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಒಪ್ಪಿಗೆಗೆ ಬೆಲೆ ಬರುವುದು ಒಪ್ಪಿದ್ದು ಏನೆಂದು ಗೊತ್ತಿದ್ದಾಗ. ಮೊದಲ ಯಾತ್ರಿಕರಿಗೆ ಸಲ್ಲುವ ಈ ವಾದ, ಕೂಲಿಗಾಗಿ ಅಲ್ಲಿಗೆ ಹೋಗಿ ಗಣಿಯಲ್ಲೋ ಕಟ್ಟಡದಲ್ಲೋ ದುಡಿಯುವ ನಂತರದವರಿಗೆ ಅದೇ ಬಲದಿಂದ ಸಲ್ಲುವುದಿಲ್ಲ. ಚಂದ್ರನಲ್ಲಿ ಮನುಷ್ಯನು ಅಗೆಯುವುದೇ ಅಪಚಾರ, ವಸತಿಯ ಮಾತೇ ಬೇಡ ಎನ್ನುವವರೂ ಇದ್ದಾರೆ. ಕುಳಿಗಳ ಅಧ್ಯಯನಕ್ಕೆ ಬುನಾದಿ ಹಾಕಿದ ಭೂವಿಜ್ಞಾನಿ ಯೂಜೀನ್ ಶೂಮೇಕರರ ಚಿತಾಭಸ್ಮವನ್ನು 1998ರಲ್ಲಿ ಲೂನಾರ್ ಪ್ರಾಸ್ಪೆಕ್ಟರ್ ನೌಕೆಯಲ್ಲಿ ಕಳುಹಿಸಿದಾಗ, ಚಂದ್ರನು ತಮಗೆ ಪವಿತ್ರವೆಂದು ಅಮೆರಿಕದ ನವಾಹೋ ಜನರ ನಾಯಕರು ಪ್ರತಿಭಟಿಸಿದ್ದರು. 2024ರಲ್ಲಿ ಪೆರೆಗ್ರಿನ್ ನೌಕೆ ಅವಶೇಷಗಳನ್ನು ಹೊತ್ತು ಹೊರಟಾಗಲೂ ಅದೇ ದನಿ ಎದ್ದಿತು. ಅದು ಗೌರವಿಸಬೇಕಾದ, ಆದರೆ ಬೇರೆಯೇ ಆದ ವಾದ. ಹೋಗಬಾರದೆಂಬುದಕ್ಕೆ ಕಾರಣಗಳಿರಬಹುದು, ಹೋದವರನ್ನು ತೆಳುವಾದ ಸೂರಿನಡಿ ಇಡುವುದಕ್ಕೆ ಅವು ಕಾರಣವಾಗಲಾರವು.

ಗಮನವು ಎಷ್ಟು ಸುಲಭವಾಗಿ ಜಾರುತ್ತದೆಂಬುದಕ್ಕೆ ಈಚಿನ ಪ್ರಸಂಗವೊಂದು ಸಾಕು. 2024ರ ಡಿಸೆಂಬರಿನಲ್ಲಿ ಪತ್ತೆಯಾದ, ಸುಮಾರು 60 ಮೀಟರ್ ಗಾತ್ರದ 2024 ವೈಆರ್4 ಎಂಬ ಕ್ಷುದ್ರಗ್ರಹವು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಒಂದು ಹಂತದಲ್ಲಿ ಶೇಕಡ 3ನ್ನು ದಾಟಿದಾಗ ಲೋಕದ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಹೆಚ್ಚಿನ ವೀಕ್ಷಣೆಯಿಂದ ಭೂಮಿಗೆ ಅಪಾಯವಿಲ್ಲವೆಂದು ಖಚಿತವಾಯಿತು. ಅದು ಚಂದ್ರನಿಗೆ ಬಡಿಯುವ ಸಾಧ್ಯತೆ ಮಾತ್ರ 2025ರ ಜೂನ್ ಹೊತ್ತಿನ ಲೆಕ್ಕದಲ್ಲಿ ಶೇಕಡ 4ಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು, ಆದರೂ ಸುದ್ದಿ ಮೂಲೆ ಸೇರಿತು. ಅಂದು ಅಲ್ಲಿ ವಸತಿಯೊಂದು ಇದ್ದಿದ್ದರೆ ಅದೇ ಶೇಕಡ 4 ಬೇರೆಯೇ ಅರ್ಥ ಪಡೆಯುತ್ತಿತ್ತು.

1967ರ ಬಾಹ್ಯಾಕಾಶ ಒಪ್ಪಂದದ ಐದನೆಯ ವಿಧಿ ಗಗನಯಾತ್ರಿಗಳನ್ನು ಮನುಕುಲದ ದೂತರೆಂದು ಕರೆದು, ಅವರ ಜೀವಕ್ಕೆ ಅಪಾಯ ತರಬಹುದಾದ ವಿದ್ಯಮಾನವೇನಾದರೂ ಕಂಡುಬಂದರೆ ರಾಷ್ಟ್ರಗಳು ಕೂಡಲೇ ತಿಳಿಸಬೇಕೆಂದು ವಿಧಿಸುತ್ತದೆ. ಆರನೆಯ ವಿಧಿ ಖಾಸಗಿ ಸಂಸ್ಥೆಗಳ ಚಟುವಟಿಕೆಗೂ ಆಯಾ ರಾಷ್ಟ್ರವನ್ನೇ ಹೊಣೆಯಾಗಿಸುತ್ತದೆ. ಸೂರು ಎಷ್ಟು ದಪ್ಪವಿರಬೇಕು, ಎಷ್ಟು ಅಪಾಯವನ್ನು ಯಾರ ಒಪ್ಪಿಗೆಯಿಂದ ಒಪ್ಪಬಹುದು ಎಂಬುದರ ಬಗ್ಗೆ ಒಪ್ಪಂದ ಏನನ್ನೂ ಹೇಳುವುದಿಲ್ಲ. 2040ರ ಹೊತ್ತಿಗೆ ಚಂದ್ರನ ಮೇಲೆ ತನ್ನ ಪ್ರಜೆಯನ್ನು ಇಳಿಸುವ ಗುರಿಯನ್ನು ಭಾರತವೂ ಘೋಷಿಸಿಕೊಂಡಿರುವುದರಿಂದ ಈ ಪ್ರಶ್ನೆ ಬೆಂಗಳೂರಿನ ಕಚೇರಿಗಳಿಗೂ ಬಂದೇ ಬರುತ್ತದೆ. ಕಳುಹಿಸುವ ಯಾವುದೇ ದೇಶವು ತಾನು ಒಪ್ಪಿಕೊಂಡ ಆ ಅಂಕಿಯನ್ನು, ಅದಕ್ಕೆ ಕೊಟ್ಟ ಕಾರಣಗಳೊಡನೆ, ಹೋಗುವವರಿಗೂ ಅವರ ಮನೆಯವರಿಗೂ ಸಾರ್ವಜನಿಕರಿಗೂ ಮೊದಲೇ ತಿಳಿಸಬೇಕು. ತಿಳಿಸದೆ ಯಾರನ್ನೂ ಕಳುಹಿಸತಕ್ಕದ್ದಲ್ಲ.